ಎಡ ಹುಬ್ಬಿನ ಮೇಲಿನ ಗಾಯ

ಶಾಲೆಯಲ್ಲಿ ಎಲ್ಲರೂ ನನ್ನನ್ನು ದೊಡ್ಡಕ್ಕ ಎನ್ನುತ್ತಾರೆ. ವಯಸ್ಸು 47, ಕೆಲಸ ಅದೇ ಶಾಲೆಯಲ್ಲಿ ಕಸ ಗುಡಿಸುವುದು, ವಾಸ ಶಾಲೆಯ ಹಿಂದಿನ ಸಾಲುಮನೆಗಳಲ್ಲಿ ಒಂಬತ್ತನೆಯದು. ಯಾರೂ ಕರೆಸದೆ ನಾನೇ ಈ ದಿನ ಬೆಳಿಗ್ಗೆ 11-20ಕ್ಕೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಎರಡು ವರ್ಷದ ಹಿಂದೆ ನನ್ನ ಯಜಮಾನರು ಶಾಲೆಯ ಮುಂದಿನ ರಸ್ತೆಯ ಮ್ಯಾನ್‌ಹೋಲಿಗೆ ಇಳಿದು ಉಸಿರುಗಟ್ಟಿ ತೀರಿಕೊಂಡರು. ಶಾಲೆಯ ಗೋಡೆಯಿಂದ ಅಲ್ಲಿಗೆ 22 ಅಡಿ. ಅಂಥವರು ಯಾರೂ ತಮ್ಮ ಕೆಲಸದಲ್ಲಿ ಇರಲೇ ಇಲ್ಲ ಎಂದು, ಅವರನ್ನು ಇಳಿಸಿದ ಗುತ್ತಿಗೆದಾರರು ಆಗ ಇದೇ ಠಾಣೆಯಲ್ಲಿ ಬರೆಸಿದ್ದಾರೆ.

ಕಳೆದ ತಿಂಗಳು ಚಿತ್ರ ಬರೆಯುವ ಒಬ್ಬರು, ನಾನು ತಂಗಿ ಎಂದು ಕರೆಯುವವರು, ಹೆಡ್‌ಮೇಡಂ ಅವರ ಒಪ್ಪಿಗೆ ಪಡೆದು, ಹಳೆಯ ಪಠ್ಯಪುಸ್ತಕದ ಚಿತ್ರವೊಂದನ್ನು ಶಾಲೆಯ ಹೊರಗೋಡೆಯ ಮೇಲೆ ದೊಡ್ಡದಾಗಿ ಬರೆಯತೊಡಗಿದರು. ರಾಜ ಹೊಸ ಸೇತುವೆ ನೋಡಲು ಬಂದ ಚಿತ್ರ, ನಾವೆಲ್ಲ ಚಿಕ್ಕಂದಿನಲ್ಲಿ ನೋಡಿದ್ದೇ. ಪುಸ್ತಕದಲ್ಲಿ ರಾಜನ ಕುದುರೆಗೂ ಕಣ್ಣುರೆಪ್ಪೆ ಇದೆ, ಕಲ್ಲು ಹೊರುವವರಿಗೆ ಬರೀ ಬೆನ್ನು. ತಂಗಿ ಅವರನ್ನೆಲ್ಲ ನಮ್ಮ ಕಡೆ ತಿರುಗಿಸಿದರು. ಮೊದಲನೆಯವನಿಗೆ ಯಾರ ಮುಖ ಇಡಲಿ ಎಂದು ನನ್ನನ್ನು ಕೇಳಿದರು. ಯಜಮಾನರ ಮದುವೆ ಕಾಲದ ಫೋಟೋ ಕೊಟ್ಟೆ. ಇರುವುದು ಅದೊಂದೇ.

ಶುಕ್ರವಾರ ಮುಖ ಮುಗಿಯಿತು. ಶನಿವಾರ ಗುತ್ತಿಗೆದಾರರು ಬಂದು ಗಲಾಟೆ ಮಾಡಿದರು. ಗೊತ್ತೇ ಇಲ್ಲದವರ ಮುಖವನ್ನು ಗಾಡಿಯಿಂದ ಇಳಿಯುವ ಮೊದಲೇ ಗುರುತಿಸಿದರು. ಇನ್ನು ಗೋಡೆ ಮುಟ್ಟುವುದಿಲ್ಲ ಎಂದು ತಂಗಿಯಿಂದ ಠಾಣೆಯವರು ಮುಚ್ಚಳಿಕೆ ಬರೆಸಿಕೊಂಡರು. ತಮ್ಮ ಕೈಯಲ್ಲಿ ಏನೂ ಇಲ್ಲವೆಂದೂ ಆ ಮುಖದ ಮೇಲೆ ಸುಣ್ಣ ಬಳಿಯಬೇಕೆಂದೂ ಹೆಡ್‌ಮೇಡಂ ನನಗೇ ಹೇಳಿದರು. ಸಂಜೆ 4-15ಕ್ಕೆ ಬಳಿದೆ.

ಬಳಿದದ್ದು ಒಂದೇ ಕೈ. ಒಂದೇ ಕೈ ಸುಣ್ಣ ಒದ್ದೆಯಾದರೆ ಕೆಳಗಿನದು ಕಾಣುತ್ತದೆ, ಸುಣ್ಣ ಹೊಡೆದವರಿಗೆಲ್ಲ ಗೊತ್ತು. ಭಾನುವಾರ ಬೆಳಿಗ್ಗೆ 6-10ಕ್ಕೆ ಎರಡು ಚೊಂಬು ನೀರು ಎರಚಿದೆ. ಯಜಮಾನರು ಕಂಡರು. ಆರುವುದರೊಳಗೆ ಇದ್ದಿಲಿನಿಂದ ಗೆರೆ ಹಿಡಿದುಕೊಂಡು, ಗೋಡೆ ಒಣಗಿದ ಮೇಲೆ ಕರಿಹಲಗೆಗೆ ಹಚ್ಚುವ ಬಣ್ಣದಲ್ಲಿ ತೀಡಿದೆ. ಮೂಗು ಸ್ವಲ್ಪ ದಪ್ಪವಾಗಿದೆ, ಒಪ್ಪುತ್ತೇನೆ.

ಈ ದಿನ 9 ಗಂಟೆಗೆ, ಮುಚ್ಚಳಿಕೆ ಮುರಿದರೆಂದು ತಂಗಿಯನ್ನು ಕರೆತಂದು ಇಲ್ಲಿ ಕೂರಿಸಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಇದು. ಬರೆದದ್ದು ನಾನು. ಕಸ ಗುಡಿಸುವವಳಿಗೆ ಚಿತ್ರ ಬರುತ್ತದೆಯೇ, ಅದಕ್ಕೆ ಸಾಕ್ಷಿ ಏನು ಎಂದು ಸಾಹೇಬರು ಕೇಳಿದರು.

ಸಾಕ್ಷಿ ಗೋಡೆಯ ಮೇಲೇ ಇದೆ. ಈಗಿನ ಮುಖದ ಎಡ ಹುಬ್ಬಿನ ಮೇಲೆ ಒಂದು ಅಂಗುಲದ ಗಾಯದ ಗೆರೆ ಇದೆ. ಅದು ಫೋಟೋದಲ್ಲಿಲ್ಲ, ತಂಗಿ ಬರೆದ ಮುಖದಲ್ಲೂ ಇರಲಿಲ್ಲ. ತಂಗಿಗೆ ಅದು ಗೊತ್ತೂ ಇಲ್ಲ. ಯಜಮಾನರು ಸಾಯುವ ನಾಲ್ಕು ತಿಂಗಳ ಮೊದಲು, ಇದೇ ಗುತ್ತಿಗೆದಾರರ ಕೆಲಸದಲ್ಲಿದ್ದಾಗ ಮ್ಯಾನ್‌ಹೋಲಿನ ಮುಚ್ಚಳ ಜಾರಿ ಬಡಿದು ಆದ ಗಾಯ ಅದು. ಗುತ್ತಿಗೆದಾರರೇ ತಮ್ಮ ಗಾಡಿಯಲ್ಲಿ ಕರೆದುಕೊಂಡು ಹೋಗಿ ಐದು ಹೊಲಿಗೆ ಹಾಕಿಸಿದ್ದರು.

ಗಾಯದ ಸಂಗತಿ ಈ ಕೇಸಿಗೆ ಬೇಡ ಎಂದು ಬರೆದುಕೊಳ್ಳುವವರು ಹೇಳಿದರು. ಅದಿಲ್ಲದಿದ್ದರೆ ಸಹಿಯೂ ಇಲ್ಲ ಎಂದು ಬೆಂಚಿನ ಮೇಲೆ ಕುಳಿತೆ. 40 ನಿಮಿಷ ಕುಳಿತೆ. ಈಗ ಬರೆದಿದ್ದಾರೆ.

ಮೇಲಿನದನ್ನು ಎರಡು ಸಲ ಓದಿಸಿ ಕೇಳಿದ್ದೇನೆ. ನಾನು ಹೇಳಿದ ಹಾಗೆಯೇ ಇದೆ, ಎಲ್ಲವೂ ನಿಜ, ಗಾಯವೂ ನಿಜ.

ಸ್ಥಳ: ಠಾಣೆ
ದಿನ: ಸೋಮವಾರ, ಮಧ್ಯಾಹ್ನ 1-05
ಸಹಿ: ದೊಡ್ಡಕ್ಕ, ಗೋಡೆಯ ಮೇಲಿರುವವರ ಹೆಂಡತಿ