ಬಾಣಂತಿ ಮನೆಗೆ ಫೈರ್ ಇಂಜಿನ್ನು

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ನಟರಾಜು ಮಾಂಬಳ್ಳಿ ಬಸ್ಸಿಗೆ ಕಾಯುತ್ತ ಕಡಲೆಕಾಯಿ ಬಿಡಿಸುತ್ತಿದ್ದ. ಪಕ್ಕದ ಬೆಂಚಿನಲ್ಲಿ ಅಕ್ಕತಂಗಿಯರಿಬ್ಬರು. ಅಮೆರಿಕಕ್ಕೆ ಹೋದ ನಮ್ಮವರ ಪಡಿಪಾಟಲಿನದೊಂದು ಕಾಮಿಡಿ ಸಿನಿಮಾ ಭಾನುವಾರ ಟೀವಿಯಲ್ಲಿ ಬಂದಿತ್ತು. ತಂಗಿ ಅದರ ಕತೆ ಹೇಳುತ್ತಿದ್ದಳು. ನಟರಾಜುವೂ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

“ಬಾಣಂತಿ ಮಗೀಗೆ ಸಾಂಬ್ರಾಣಿ ಹೊಗೆ ಆಕ್ತಾಳೆ ಕನಕ್ಕ. ಅಲ್ಲಿ ಸೂರಲ್ಲೇ ಒಂದು ಗಂಟೆ ಕಟ್ಟಿರ್ತಾರೆ, ಹೊಗೆ ತಗುಲುದ್ರೆ ತಾನೇ ಬಡ್ಕತದೆ.”

“ಆಮೇಕೆ?”

“ಫೈರ್ ಇಂಜಿನ್ ಬಂತು. ಟೋಪಿ ಆಕ್ಕಂಡು, ಪೈಪ್ ಇಡ್ಕಂಡು ಬಾಣಂತಿ ರೂಮ್ಗೇ ನುಗ್ಗುದ್ರು. ನಾವೆಲ್ಲ ಬಿದ್ದು ಬಿದ್ದು ನಕ್ಕೋ.”

“ಅವ್ಳ ಅವ್ವ ಎಲ್ಲಿದ್ಲು?”

“ಊರಲ್ಲಿ. ಅಷ್ಟು ದೂರ ಬರಕಾಯ್ತದಾ?”

“ಬಾಣಂತಿಗೆ ನೀರು ಉಯ್ದೋರ್ಯಾರು?”

“ಅವ್ಳೇ ಉಯ್ಕತಾಳೆ.”

ಅಕ್ಕ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. “ಫೈರ್ ಇಂಜಿನ್ನೋರಾದ್ರೂ ಬಂದ್ರಲ್ಲ ಬುಡು.”

“ಅದು ನಗಾಡೋ ಸಿನ್ಮಾ ಕನಕ್ಕ.”

“ನನ್ ಮಗ್ಳು ರಮ್ಯಂಗೆ ಅನೂರಲ್ಲಿ ಎರಿಗೆ ಆಗಿ ತಿಂಗ್ಳಾಯ್ತಾ ಬಂತು.”

“ಏಳ್ದೆ ಕೇಳ್ದೆ ಮದ್ವೆ ಮಾಡ್ಕಂಡೋಳ ಮನೆ ಬಾಗ್ಲು ತುಳೀಬ್ಯಾಡ ಅಂದವ್ರಲ್ಲ ಬಾವ?”

“ಅನೂರೇನು ಅಮೆರಿಕದಲ್ಲಿದ್ದದಾ?”

ಮಾಂಬಳ್ಳಿ ಬಸ್ಸು ಬಂತು. ತಂಗಿ ಚೀಲ ಎತ್ತಿಕೊಂಡು ಫುಟ್‌ಬೋರ್ಡಿನ ಮೇಲೆ ಕಾಲಿಟ್ಟಳು. ಅಕ್ಕ ಹಿಂದೆ ಬರಲಿಲ್ಲ. ನಟರಾಜು ಕಡೆ ತಿರುಗಿ, “ಅನೂರು ಬಸ್ಸು ಎಲ್ಲಿ ನಿಂತ್ಕತದೆ ಸಾ?” ಅಂದಳು. ಅವನು ಕೈ ತೋರಿಸಿದ.

“ಅಕ್ಕ, ಬಾವುಂಗೆ ಏನೇಳ್ಲಿ?”

“ಫೈರ್ ಇಂಜಿನ್ ಓಯ್ತು ಅನ್ನು,” ಅಂದು ಅಕ್ಕ ಸೆರಗು ಬಿಗಿದುಕೊಂಡು ಹನೂರು ಬಸ್ಸಿನತ್ತ ನಡೆದಳು.