ತಿರುಗಬೇಡಿ ಸಾರ್

ಹೆಬ್ಬಾಳದ ಫ್ಲೈಓವರ್ ಕೆಳಗೆ ಬಸ್ಸು ಅರ್ಧ ಗಂಟೆಯಿಂದ ಅಲ್ಲಾಡದೆ ನಿಂತಿತ್ತು. ಇವತ್ತೂ ಲೇಟಾದರೆ ಆಶಾರಾಣಿಗೆ ಆಫೀಸಿನಲ್ಲಿ ಅರ್ಧ ದಿನದ ರಜೆ ಕಟ್. ಅವಳ ಮುಂದಿನ ಸೀಟಿನಲ್ಲಿ ಸ್ವೆಟರ್ ಮೇಲೆ ಕ್ರಿಕೆಟ್ ಜರ್ಸಿ ಹಾಕಿಕೊಂಡು ಕೂತಿದ್ದ ವೆಂಕಟೇಶಪ್ಪ ಪಕ್ಕದಲ್ಲಿದ್ದ ಮುನೇಶನಿಗೆ ಹೇಳುತ್ತಿದ್ದರು.

"ನಮ್ ಟೀಮಲ್ಲಿ ಟ್ಯಾಲೆಂಟ್ ಐತೆ ಕಣೋ ಮುನೇಶ, ಮೆಂಟಾಲಿಟಿ ಇಲ್ಲ. ನಾನು ಟೀವಿ ಮುಂದೆ ಕೂತ್ರೆ ಸಾಕು, ವಿಕೆಟ್ ಬೀಳ್ತದೆ."

"ನೀವು ನೋಡೋದು ಅವ್ರಿಗೆ ಎಂಗಣ್ಣ ಗೊತ್ತಾಗ್ತದೆ?"

"ಅದೇ ಮೆಂಟಾಲಿಟಿ! ನಿನ್ನೆ ಕೊನೇ ಓವರ್ ಪೂರ್ತಿ ಗೋಡೆ ಕಡೆ ಮುಖ ಮಾಡ್ಕೊಂಡು ನಿಂತಿದ್ದೆ. ಗೆದ್ರೋ ಇಲ್ವೋ?"

"ಗೆದ್ರು."

"ನ್ಯೂಸ್ ನೋಡೋದೂ ಬಿಟ್ಟೆ. ಈರುಳ್ಳಿ ರೇಟು ಇಳೀತು. ಅದ್ಯಾವ್ದೋ ಎರಡು ದೇಶದ ಜಗಳ ನಿಂತೋಯ್ತು. ಒಬ್ರಾದ್ರೂ ನಂಗೆ ಥ್ಯಾಂಕ್ಸ್ ಹೇಳಿದ್ರಾ?"

ಮುನೇಶ ಕಿಟಕಿಯಾಚೆ ಸಾಲುಗಟ್ಟಿ ನಿಂತ ಗಾಡಿಗಳನ್ನೊಮ್ಮೆ ನೋಡಿದ.

"ಬೇಜಾರ್ ಮಾಡ್ಕೋಬೇಡಿ ಅಣ್ಣ. ಆಗ್ಲಿಂದ ಈ ಟ್ರಾಫಿಕ್ಕನ್ನ ಕಣ್ ಬಿಟ್ಕೊಂಡು ನೋಡ್ತಿರೋದು ಯಾರು?"

ವೆಂಕಟೇಶಪ್ಪನವರ ಮುಖ ಬಿಳಿಚಿಕೊಂಡಿತು. "ಅಯ್ಯೋ, ನಾನೇ ಕಣೋ! ನಡಿ, ಇಳಿಯಾನ."

ಇಬ್ಬರೂ ಇಳಿದರು. ವೆಂಕಟೇಶಪ್ಪ ಫುಟ್‌ಪಾತ್ ಮೇಲೆ ಬಸ್ಸಿಗೆ ಬೆನ್ನು ಹಾಕಿ, ಕಾಂಪೌಂಡಿಗೆ ಮುಖ ಮಾಡಿ ನಿಂತರು. ಬಸ್ಸು ಒಮ್ಮೆ ಕುಲುಕಿ, ಮೆಲ್ಲಗೆ ಹೊರಟಿತು.

"ಹೋಯ್ತೇನೋ ಮುನೇಶ?" ಎನ್ನುತ್ತ ಅವರು ಕತ್ತು ಹೊರಳಿಸತೊಡಗಿದರು.

"ತಿರುಗ್ಬೇಡಿ ಸಾರ್! ದಯವಿಟ್ಟು ತಿರುಗ್ಬೇಡಿ!"

ಹಾಗೆ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಕಿರುಚಿದ್ದು ತಾನೇ ಅಂತ ಆಶಾರಾಣಿಗೆ ಗೊತ್ತಾದದ್ದು, ಇಡೀ ಬಸ್ಸು ತನ್ನ ಕಡೆ ತಿರುಗಿದ ಮೇಲೆ.