ಹುಳುವಿಗೆ ನಾನು ಹೇಳಿಕೊಟ್ಟಿಲ್ಲ

ಮುನಿಶಾಮಮ್ಮ, ಗಂಡ ದಿವಂಗತ ದೊಡ್ಡವೆಂಕಟಪ್ಪ, ವಯಸ್ಸು 58, ಕಸುಬು ರೇಷ್ಮೆ ಹುಳು ಸಾಕುವುದು, ವಾಸ ಬೂದಿಗುಟ್ಲಪಲ್ಲಿ, ಶ್ರೀನಿವಾಸಪುರ ತಾಲ್ಲೂಕು, ಆದ ನಾನು ಈ ದಿನ 14-2-1984ರಂದು ಮಧ್ಯಾಹ್ನ 2-30ಕ್ಕೆ ಹೊರಠಾಣೆಗೆ ಬಂದು, ಹೆಡ್ ಕಾನ್‌ಸ್ಟೇಬಲ್ ಅಜ್ಮತುಲ್ಲಾ ಅವರು ಕೇಳಿದ್ದಕ್ಕೆ ತಿಳಿಸುವುದೇನೆಂದರೆ:

ನಮ್ಮೂರ ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ಟರ್ ಚನ್ನರಾಯಪ್ಪನವರು ನನ್ನ ಮೇಲೆ ದೂರು ಕೊಟ್ಟಿದ್ದಾರೆ. ನಾನು ವಿಷ ತಿಂದ ಹುಳುಗಳನ್ನು ಸ್ಕೂಲಿಗೆ ತಂದು ಮಕ್ಕಳೆದುರು ಅವರ ಮಾನ ಕಳೆದೆನಂತೆ. ವಿಷ ತಿಂದ ಹುಳು ನನ್ನ ಮನೆಯಲ್ಲಿ ಇಲ್ಲ. ಮಾನದ ವಿಚಾರ ಮುಂದೆ ಬರುತ್ತದೆ.

ದಿನಾಂಕ 10-2-1984 ಶುಕ್ರವಾರ ಸ್ಕೂಲಿನ ಹಿಂದಿನ ಗೋಡೆಯ ಪಕ್ಕ ಗಾಂಜಾ ಬೆರೆಸಿದ ನಾಲ್ಕು ಮೋಟು ಬೀಡಿ ಸಿಕ್ಕವು. ಮಕ್ಕಳು ಮಾದಕ ವಸ್ತು ಮುಟ್ಟದಂತೆ ನೋಡಿಕೊಳ್ಳಬೇಕೆಂದು ಹೆಡ್‌ಮಾಸ್ಟರಿಗೆ ಅದೇ ವಾರ ಮೇಲಿನಿಂದ ಸುತ್ತೋಲೆ ಬಂದಿತ್ತು. ಕಣ್ಣು ಕೆಂಪಗಿರುವುದು, ಪಾಠದಲ್ಲಿ ತೂಕಡಿಸುವುದು, ಜೇಬಿನಲ್ಲಿ ಬೆಂಕಿಪೊಟ್ಟಣ ಇರುವುದು ಅದರ ಗುರುತುಗಳೆಂದು ಅದರಲ್ಲಿತ್ತಂತೆ. ಏಳನೇ ಕ್ಲಾಸಿನಲ್ಲಿ ಓದುವ ನನ್ನ ಮೊಮ್ಮಗ ಕದಿರೇಶನಲ್ಲಿ ಮೂರೂ ಇದ್ದವು. ಅವನಿಗೆ ಟಿ.ಸಿ. ಕೊಟ್ಟು ಕಳಿಸುವುದಾಗಿ ಸಂಜೆ 4-30ಕ್ಕೆ ಚೀಟಿ ಬಂತು. ಪಬ್ಲಿಕ್ ಪರೀಕ್ಷೆಗೆ ಇನ್ನು ಎರಡು ತಿಂಗಳೂ ಇಲ್ಲ. ತಾಯಿ ಇಲ್ಲದ ಮಗು. ಚೀಟಿ ಓದಿಸಿಕೊಂಡು ಹುಡುಗನನ್ನು ಎದುರಿಗೆ ನಿಲ್ಲಿಸಿಕೊಂಡೆ.

"ಏನ್ಲಾ, ಸೇದಿದ್ಯಾ?" ಎಂದು ಕೇಳಿದೆ. "ಇಲ್ಲ ಕಣಜ್ಜಿ" ಎಂದ. ನಾನು ನಂಬಿದೆ. ನಂಬುವುದಕ್ಕೆ ಕಾರಣವಿದೆ. ನಮ್ಮ ಹುಳುಗಳು ನಾಲ್ಕನೇ ಜ್ವರ ಎದ್ದಿವೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟಿವೆ. ಈಗ ಹಗಲು ರಾತ್ರಿ ಸೊಪ್ಪು ಬೇಕು. ಹುಡುಗ ಬೆಳಗಿನ ಜಾವ 4 ಗಂಟೆಗೆ ಎದ್ದು ಸೊಪ್ಪು ಹಾಕುತ್ತಾನೆ, ಹುಳುಮನೆ ಬೆಚ್ಚಗಿರಲೆಂದು ಇದ್ದಲು ಹಚ್ಚುತ್ತಾನೆ, ಬೆಂಕಿಪೊಟ್ಟಣ ಅದಕ್ಕೇ. ಕಣ್ಣು ಕೆಂಪಗಾಗದೆ ಏನಾಗುತ್ತದೆ? ಆ ಗುರುತು ನೋಡಿದರೆ ಊರಿನ ಅರ್ಧ ಜನ ಗಾಂಜಾ ಸೇದುವವರೇ, ನಾನೂ ಸೇರಿ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿದರೆ ಹುಳು ಉಳಿಯುವುದಿಲ್ಲ. ಬೀಡಿ ಸೇದುವವರನ್ನು ನಾವು ಹುಳುಮನೆಯ ಬಾಗಿಲಿಗೂ ಬಿಡುವುದಿಲ್ಲ.

ಶನಿವಾರ ಬೆಳಿಗ್ಗೆ 8-15ಕ್ಕೆ ಹೋಗಿ ಇದನ್ನೇ ಹೆಡ್‌ಮಾಸ್ಟರಿಗೆ ಹೇಳಿದೆ. ಅವರು ನಕ್ಕು, ಹುಳು ಹೇಳುವ ಸಾಕ್ಷಿಗೆ ಇಲಾಖೆಯಲ್ಲಿ ಕಾಲಂ ಇಲ್ಲ ಎಂದರು. ಹಾಗಾದರೆ ಸ್ಕೂಲಿಗೇ ತರುತ್ತೇನೆ, ನೀವೇ ನೋಡಿ ಎಂದೆ. ತಾ ಎಂದವರು ಅವರೇ.

ದಿನಾಂಕ 13-2-1984 ಸೋಮವಾರ ಬೆಳಿಗ್ಗೆ 10 ಗಂಟೆಗೆ ಒಂದು ತಟ್ಟೆ ಹುಳುವನ್ನು ತಲೆಯ ಮೇಲೆ ಹೊತ್ತು ಮನೆಯಿಂದ ಎರಡು ಫರ್ಲಾಂಗು ನಡೆದು ಹೋದೆ. ಏಳನೇ ಕ್ಲಾಸಿನಲ್ಲಿ 38 ಮಕ್ಕಳು. ಒಬ್ಬೊಬ್ಬರಿಗೂ ಒಂದು ಮುತ್ತುಗದೆಲೆಯಲ್ಲಿ ಐದು ಹುಳು ಕೊಟ್ಟೆ. ಅವರವರ ಕೈಯಲ್ಲೇ ಹಿಪ್ಪುನೇರಳೆ ಸೊಪ್ಪು ಹಿಸುಕಿ ಹಾಕಬೇಕು, ಬೀಡಿ ಮುಟ್ಟಿದ ಕೈಯಾದರೆ ಹುಳು ಹೇಳಿಬಿಡುತ್ತದೆ ಎಂದೆ. ಆಗ ಮೂವರು ಹುಡುಗರಿಗೆ ಒಟ್ಟಿಗೇ ಹೊಟ್ಟೆನೋವು ಬಂತು. ಅವರು ಕುಂಟೆಯ ನೀರಿನ ಕಡೆ ಓಡಿ, ಮೊಣಕೈವರೆಗೆ ಮಣ್ಣು ಹಚ್ಚಿ ಕೈ ತೊಳೆಯುತ್ತಿದ್ದುದನ್ನು ಎಲ್ಲರೂ ಕಿಟಕಿಯಿಂದ ನೋಡಿದರು. ಒಬ್ಬನು ಅಳುತ್ತಾ ಬಂದು, "ಒಂದೇ ದಮ್ಮು ಅಜ್ಜಿ, ಹುಳಾನ ಸಾಯಿಸ್ಬೇಡಿ" ಎಂದ. ಅವರ ಹೆಸರು ನನಗೆ ಗೊತ್ತು, ಹೇಳುವುದಿಲ್ಲ. ಮೂವರೂ ನಿನ್ನೆ ಸಂಜೆಯಿಂದ ನಮ್ಮ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಾರೆ. ಹುಳು ಹಣ್ಣಾಗಿ ಗೂಡು ಕಟ್ಟುವವರೆಗೆ ಕೊಯ್ಯುತ್ತಾರೆ. ಅಲ್ಲಿಯವರೆಗೆ ಅವರು ಬೀಡಿ ಮುಟ್ಟುವುದಿಲ್ಲ, ಅದಕ್ಕೆ ನಾನು ಜವಾಬ್ದಾರಿ.

ಉಳಿದ 35 ಮಕ್ಕಳ ಹುಳುಗಳು ಚೆನ್ನಾಗಿ ತಿಂದವು. ಕದಿರೇಶನ ಹುಳುಗಳು ಎಲ್ಲರಿಗಿಂತ ಮೊದಲು ಮುಗಿಸಿದವು. ಆದರೂ ಹೆಡ್‌ಮಾಸ್ಟರು ಒಪ್ಪಲಿಲ್ಲ. ಇದೆಲ್ಲ ಕಣ್ಕಟ್ಟು, ಯಾರು ಹಾಕಿದರೂ ಹುಳು ತಿನ್ನುತ್ತದೆ ಎಂದು 11-05ಕ್ಕೆ ತಾವೇ ಐದು ಹುಳುವಿಗೆ ಸೊಪ್ಪು ಹಾಕಿದರು. ಅದಕ್ಕೆ ಸ್ವಲ್ಪ ಮುಂಚೆ ಡಬ್ಬಿ ತೆಗೆದು ಎರಡು ಚಿಟಿಕೆ ನಶ್ಯ ಏರಿಸಿದ್ದರು. 11-40ಕ್ಕೆ ಐದೂ ಹುಳು ತಲೆ ಮೇಲೆತ್ತಿ, ಹಸಿರು ಕಕ್ಕಿ, ಸುರುಟಿಕೊಂಡವು. ಇಪ್ಪತ್ತೆರಡು ದಿನ ಸಾಕಿದ ಜೀವಗಳು. ಹಿಂದಿನ ಬೆಂಚಿನಿಂದ ಯಾರೋ "ಸಾರ್‌ಗೂ ಟಿ.ಸಿ. ಕಣ್ರೋ" ಎಂದರು. ಯಾರೆಂದು ನಾನು ನೋಡಲಿಲ್ಲ. ನಶ್ಯ ಮಾದಕ ವಸ್ತುವಲ್ಲ, ಅಭ್ಯಾಸ ಎಂದು ಹೆಡ್‌ಮಾಸ್ಟರು ಕೂಗಾಡಿ ಎಲ್ಲರನ್ನೂ ಮನೆಗೆ ಕಳಿಸಿದರು.

ಅವರು ನಶ್ಯ ಏರಿಸುವುದು ನನಗೆ ಮೊದಲೇ ಗೊತ್ತಿತ್ತೇ ಎಂದು ಅಜ್ಮತುಲ್ಲಾ ಅವರು ಕೇಳಿದರು. ಗೊತ್ತಿತ್ತು. ಊರಿಗೆಲ್ಲ ಗೊತ್ತು. ಆದರೆ ಹುಳುವಿಗೆ ನಾನು ಹೇಳಿಕೊಟ್ಟಿಲ್ಲ.

ಇಷ್ಟು ಬರೆಸಿದ ಮೇಲೆ, ಹೊರಗೆ ಬೆಂಚಿನ ಮೇಲೆ ಕೂತು ಕೇಳುತ್ತಿದ್ದ ಹೆಡ್‌ಮಾಸ್ಟರು 3-50ಕ್ಕೆ ಪೇದೆಯ ಕೈಲಿ ಹೇಳಿಕಳಿಸಿದರು. ಮುನಿಶಾಮಮ್ಮ ನಶ್ಯದ ಮಾತನ್ನು ಹೊಡೆಸಿದರೆ ಟಿ.ಸಿ. ರದ್ದು ಮಾಡುತ್ತಾರಂತೆ. ಮೊದಲು ರದ್ದಾಗಲಿ, ಆಮೇಲೆ ಹೊಡೆಸುತ್ತೇನೆ ಎಂದೆ. ಅವರು 4-05ಕ್ಕೆ ಚೀಲದಿಂದ ಟಿ.ಸಿ.ಯನ್ನೂ ಸ್ಕೂಲಿನ ಮೊಹರನ್ನೂ ತೆಗೆದು, ಟಿ.ಸಿ.ಯ ಮೇಲೆ ಅಡ್ಡಗೆರೆ ಎಳೆದು, ರದ್ದು ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟರು. ನನ್ನ ಜೊತೆ ಬಂದಿದ್ದ ಕದಿರೇಶ ಅದನ್ನು ಎರಡು ಸಲ ಓದಿ ಹೇಳಿದ. ನನ್ನ ಕಣ್ಣಲ್ಲಿ ನೀರು ಬಂತು.

ಮಾತು ಕೊಟ್ಟಂತೆ ನಾನು ನಶ್ಯದ ಸಾಲು ಹೊಡೆಯಲು ಅಜ್ಮತುಲ್ಲಾ ಅವರನ್ನು ಕೇಳಿಕೊಂಡೆ. ಹೇಳಿಕೆಯಲ್ಲಿ ಒಮ್ಮೆ ಬರೆದದ್ದನ್ನು ಹೊಡೆಯಲು ಕಾನೂನಿನಲ್ಲಿ ಅವಕಾಶವಿಲ್ಲ, ಬೇಕಾದರೆ ಹೊಡೆಯಲು ಕೇಳಿಕೊಂಡರೆಂದು ಕೆಳಗೆ ಸೇರಿಸಬಹುದು ಎಂದರು. ಅದರಂತೆ ಸೇರಿಸಲಾಗಿದೆ.

ಬರೆದದ್ದನ್ನು ಕನ್ನಡದಲ್ಲಿ ಓದಿ, ತೆಲುಗಿನಲ್ಲಿ ಬಿಡಿಸಿ ಹೇಳಿದರು. ನಾನು ಕಂಡದ್ದೂ ಮಾಡಿದ್ದೂ ಇಷ್ಟೇ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಬೂದಿಗುಟ್ಲಪಲ್ಲಿ ಹೊರಠಾಣೆ
ದಿನಾಂಕ: 14-2-1984, ಸಂಜೆ 4-30
ಮುನಿಶಾಮಮ್ಮನ ಎಡಗೈ ಹೆಬ್ಬೆಟ್ಟಿನ ಗುರುತು